ದೂರದ ಡಿಸ್ಕಿನಲ್ಲಿ ಸ್ವಾಪ್ ಕಡತ

ಕಂಪ್ಯೂಟರಿನ ಮೆಮೊರಿ ತುಂಬಿದಾಗ ಸದ್ಯಕ್ಕೆ ಬೇಡವಾದ ಭಾಗಗಳನ್ನು, ಸಾಮಾನ್ಯವಾಗಿ 4096 ಬೈಟ್‌ಗಳ 'ಪುಟ'ಗಳ ಲೆಕ್ಕದಲ್ಲಿ, ಡಿಸ್ಕಿಗೆ ಸಾಗಿಸಿ ಬೇಕಾದಾಗ ಮರಳಿ ತರುವ ಏರ್ಪಾಟಿಗೆ ಸ್ವಾಪ್ ಎಂದೂ, ಅದಕ್ಕೆಂದೇ ಮೀಸಲಿಟ್ಟ ಕಡತಕ್ಕೆ ಸ್ವಾಪ್ ಕಡತವೆಂದೂ ಹೆಸರು. ಕಡತವು ಯಂತ್ರದ ಸ್ವಂತ ಡಿಸ್ಕಿನಲ್ಲಿದ್ದರೆ, ಅದು ಡಿಸ್ಕಿನ ಯಾವ ಯಾವ ಬ್ಲಾಕ್‌ಗಳಲ್ಲಿ ಹರಡಿದೆಯೆಂಬುದನ್ನು ಲಿನಕ್ಸ್ ಕರ್ನೆಲ್ ಮೊದಲೇ ಗುರುತಿಸಿಕೊಂಡು ನೇರವಾಗಿ ಅಲ್ಲಿಗೇ ಬರೆಯುತ್ತದೆ. ಆದರೆ ಕಡತವನ್ನು ಬೇರೊಂದು ಯಂತ್ರದಲ್ಲಿಟ್ಟು ಜಾಲದ ಮೂಲಕ ಒದಗಿಸುವ ಎನ್‌ಎಫ್‌ಎಸ್‌ನಂಥ ವ್ಯವಸ್ಥೆಯಲ್ಲಿ ಈ ಒಳದಾರಿ ಇಲ್ಲ.

ತೊಡಕು ಹುಟ್ಟುವುದು ಇಲ್ಲಿಯೇ. ಪುಟವೊಂದನ್ನು ಹೊರಗೆ ಕಳುಹಿಸಿ ಮೆಮೊರಿ ತೆರವು ಮಾಡಬೇಕೆಂದರೆ ಪ್ಯಾಕೆಟ್ ಕಟ್ಟಬೇಕು, ಸರ್ವರಿನ ಉತ್ತರವನ್ನು ಬರಮಾಡಿಕೊಳ್ಳಬೇಕು. ಈ ಎರಡಕ್ಕೂ ಬೇಕಾದದ್ದು ಮೆಮೊರಿಯೇ ಆದ್ದರಿಂದ ಯಂತ್ರವು ತನಗಾಗಿ ತಾನೇ ಕಾಯುತ್ತ ಸ್ತಬ್ಧವಾಗಬಹುದು. 2012ರಲ್ಲಿ ಬಂದ ಕರ್ನೆಲ್ 3.6 ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ತುರ್ತಿಗೆಂದು ಕಾದಿಟ್ಟ ಮೆಮೊರಿಯನ್ನು ಸ್ವಾಪ್ ಸಾಗಿಸುವ ಸಂಪರ್ಕಗಳಿಗೆ ಬಿಟ್ಟುಕೊಟ್ಟು, ಆ ಮೀಸಲಿನಲ್ಲಿ ಬಂದಿಳಿದ ಉಳಿದ ಪ್ಯಾಕೆಟ್‌ಗಳನ್ನು ಕೈಬಿಡುವುದು. ಹೀಗೆ ಕಟ್ಟಿದ ವ್ಯವಸ್ಥೆಯೂ ಕಾಲಕ್ರಮದಲ್ಲಿ ಕೆಟ್ಟು 2022ರಲ್ಲಿ ದುರಸ್ತಿಯಾಗಬೇಕಾಯಿತು. ಪದೇ ಪದೇ ಪರೀಕ್ಷಿಸದ ಸೌಲಭ್ಯ ಸದ್ದಿಲ್ಲದೆ ಹಾಳಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಜಾಲದ ಮೇಲಿನ ಸ್ವಾಪ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಯ ಮೊದಲ ಹಂತ ಸುಲಭದ್ದು. ಸ್ವಾಪ್ ಕಡತದಲ್ಲಿ ಜಾಗ ಹಂಚಿಕೆಯಾಗದ 'ತೂತು'ಗಳಿದ್ದರೆ ಅದನ್ನು ತಿರಸ್ಕರಿಸಬೇಕು. ಎನ್‌ಎಫ್‌ಎಸ್ ಗ್ರಾಹಕ ಯಂತ್ರವು ತೂತುಗಳನ್ನು ನೇರವಾಗಿ ಹುಡುಕುವುದಿಲ್ಲ; ಕಡತವು ನಿಜವಾಗಿ ಹಿಡಿದಿರುವ ಜಾಗವೆಷ್ಟೆಂದು ಸರ್ವರು ಹೇಳಿದ ಲೆಕ್ಕವನ್ನು ಕಡತದ ಉದ್ದದೊಡನೆ ಹೋಲಿಸಿ ಅದು ತೀರ್ಮಾನಕ್ಕೆ ಬರುತ್ತದೆ. ಸರ್ವರು ಸೊನ್ನೆಗಳನ್ನು ಕುಗ್ಗಿಸಿ ಇಡುವಂಥದ್ದಾದರೆ, ಸೊನ್ನೆಗಳಿಂದಲೇ ತುಂಬಿಸಿದ ನಿರ್ದೋಷಿ ಕಡತವೂ ತೂತಿನದೆಂದು ತಿರಸ್ಕೃತವಾದೀತು. ಎರಡನೆಯ ಹಂತದಲ್ಲಿ, ಇರುವ ಮೆಮೊರಿಗಿಂತ ಹೆಚ್ಚು ಪುಟಗಳನ್ನು ತುಂಬಿ, ಪ್ರತಿ ಪುಟದಲ್ಲೂ ಅದರದೇ ಕ್ರಮಸಂಖ್ಯೆಯನ್ನು ಬರೆದು, ನಡುವೆ ಜಾಲವನ್ನು ಕಡಿದು ಮತ್ತೆ ಜೋಡಿಸಿ, ಒಂದೊಂದನ್ನೂ ಓದಿ ತಾಳೆ ನೋಡಬೇಕು. ಒಂದೇ ಒಂದು ಪುಟದ ಸಂಖ್ಯೆ ತಪ್ಪಿದರೂ ಪರೀಕ್ಷೆ ಸೋತಂತೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬರಹದ ನಿಷೇಧ. ಬಳಕೆಯಲ್ಲಿರುವ ಸ್ವಾಪ್ ಕಡತಕ್ಕೆ ಬೇರೊಂದು ಪ್ರೋಗ್ರಾಂ ಬರೆಯಲು ಹೋದರೆ ಕರ್ನೆಲ್ ತಡೆಯುತ್ತದೆ, ಏಕೆಂದರೆ ಅಲ್ಲಿ ಬದಲಾದ ಒಂದು ಬೈಟ್ ನಡೆಯುತ್ತಿರುವ ಪ್ರೋಗ್ರಾಮಿನ ಮೆಮೊರಿಯನ್ನೇ ಕೆಡಿಸಬಲ್ಲದು. ಆದರೆ ಆ ತಡೆಯ ಗುರುತು ಇರುವುದು ಸ್ವಾಪ್ ಬಳಸುತ್ತಿರುವ ಯಂತ್ರದ ಮೆಮೊರಿಯಲ್ಲಿ ಮಾತ್ರ. ಸರ್ವರಿನ ಪಾಲಿಗೆ ಅದೊಂದು ಮಾಮೂಲಿ ಕಡತ, ಅನುಮತಿಯಿದ್ದರೆ ಇನ್ನೊಂದು ಯಂತ್ರ ಅದನ್ನು ನಿರಾತಂಕವಾಗಿ ತಿದ್ದಬಹುದು. ಆದ್ದರಿಂದ ಎರಡನೆಯ ಯಂತ್ರವಿಲ್ಲದೆ ನಡೆಸಿದ ಪರೀಕ್ಷೆಯನ್ನು ಇಂಥ ಕಡತ ವ್ಯವಸ್ಥೆಗಳ ಮಟ್ಟಿಗೆ ಪೂರ್ಣವೆಂದು ಒಪ್ಪಲಾಗದು.