ಮಡಚಿದ್ದು ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಟ್ಯಾಬ್ಲೆಟ್ ಆಗುವ ಲ್ಯಾಪ್‌ಟಾಪ್ ಒಂದು ಘೋಣಸಗಿ ಎಂಬ ಊರಿನ ಮನೆಯೊಂದಕ್ಕೆ ಬಂತೆನ್ನಿ. ಕಾಲೇಜಿಗೆ ಹೋಗುವ ಮಗಳು ಅದರ ಮೇಲೆ ಪೆನ್ನಿನಿಂದ ನೋಟ್ಸ್ ಬರೆಯುತ್ತಾಳೆ, ಅಪ್ಪ ದ್ರಾಕ್ಷಿ ತೋಟದ ಲೆಕ್ಕ ಇಡುತ್ತಾರೆ. ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರವಾಗಿದ್ದರೆ ಮೊದಲ ಪ್ರಶ್ನೆಯೇ ಇದು: ಯಾವ ಆಪರೇಟಿಂಗ್ ಸಿಸ್ಟಮ್ ಹಾಕಿಸಬೇಕು?

ಉತ್ತರ ಶುರುವಾಗುವುದು ಪರದೆ ಮಡಚುವ ಕೀಲಿನಿಂದ, ಏಕೆಂದರೆ ಮಡಚಿದ್ದನ್ನು ಅರಿತು ನಡೆಯಬೇಕಾದದ್ದು ಆಪರೇಟಿಂಗ್ ಸಿಸ್ಟಮ್. ಪರದೆಯಲ್ಲೊಂದು, ಕೀಬೋರ್ಡ್ ಭಾಗದಲ್ಲೊಂದು ಆಕ್ಸೆಲೆರೋಮೀಟರ್ ಇಟ್ಟು, ಭೂಮಿಯ ಸೆಳೆತ ಎರಡರಲ್ಲೂ ಯಾವ ದಿಕ್ಕಿಗಿದೆ ಎಂದು ಹೋಲಿಸಿದರೆ ಮಡಚಿದ ಕೋನ ಸಿಗುತ್ತದೆ. ಕೆಲವು ಮಾದರಿಗಳಲ್ಲಿ ಅಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಈ ಕೆಲಸ ಮಾಡುತ್ತದೆ. ಸುದ್ದಿ ತಲುಪಿದ ಕೂಡಲೇ ಆಪರೇಟಿಂಗ್ ಸಿಸ್ಟಮ್ ಕೀಬೋರ್ಡನ್ನು ನಿಷ್ಕ್ರಿಯಗೊಳಿಸಬೇಕು, ಪರದೆಯ ಚಿತ್ರವನ್ನು ತಿರುಗಿಸಬೇಕು, ಸ್ಪರ್ಶದ ನಕ್ಷೆಯನ್ನೂ ಅದರ ಜೊತೆಗೇ ತಿರುಗಿಸಬೇಕು. ಕೊನೆಯದು ತಪ್ಪಿದರೆ ನೀವು ಮುಟ್ಟಿದ್ದು ಒಂದು ಕಡೆ, ತೆರೆದದ್ದು ಇನ್ನೊಂದು ಕಡೆ.

ಪೆನ್ನಿನದು ಇನ್ನೂ ಸೂಕ್ಷ್ಮ. ಬರೆಯುವಾಗ ಅಂಗೈ ಗಾಜಿನ ಮೇಲೇ ಊರಿರುತ್ತದೆ. ಪರದೆಗೆ ಅಂಗೈಯೂ ಬೆರಳೇ, ಎರಡೂ ವಿದ್ಯುದಾವೇಶವನ್ನು ಬದಲಿಸುತ್ತವೆ. ಪೆನ್ನು ಪರದೆಯ ಸಮೀಪ ಬಂದದ್ದನ್ನು ಗ್ರಹಿಸಿ ಕೈಯ ಸ್ಪರ್ಶವನ್ನು ಕಡೆಗಣಿಸುವ ವಿವೇಕ ಬರುವುದು ತಂತ್ರಾಂಶದಿಂದ.

ಮುಟ್ಟುವ ಪರದೆಗೆ ಆಪರೇಟಿಂಗ್ ಸಿಸ್ಟಮ್ ಆರಿಸುವ ಈ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ 2001ರಲ್ಲಿ ಸಿಂಪ್ಯೂಟರ್‌ನ ಮೊದಲ ಮಾದರಿ ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಆ ಯಂತ್ರಕ್ಕೆ ಅವರು ಹಾಕಿದ್ದು ಲಿನಕ್ಸ್. ಅಗ್ಗವಾಗಬೇಕಿತ್ತು, ಓದು ಬರಹ ಬಾರದವರಿಗೂ ಭಾರತೀಯ ಭಾಷೆಯಲ್ಲಿ ಮಾತನಾಡಿ ಹೇಳಬೇಕಿತ್ತು. ಹಾಗೆ ಬೇಕಾದಂತೆ ತಿದ್ದಲು ತಂತ್ರಾಂಶದ ಮೂಲ ಸಂಕೇತ ಕೈಗೆ ಸಿಗಬೇಕಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್‌ನಲ್ಲಿ ಕೈಯ ಓಲಾಟವನ್ನು ಅರಿಯುವ ಆಕ್ಸೆಲೆರೋಮೀಟರ್ ಕೂಡ ಇತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲು! ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಆದರೆ ಬಳಸುವವರ ಅಗತ್ಯದಿಂದ ಆಯ್ಕೆ ಶುರುಮಾಡಿದ ಆ ಕ್ರಮ ಸರಿಯಾಗಿತ್ತು.

ಈಗಿನ ಲೆಕ್ಕ ಹೀಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಭದ್ರತಾ ವ್ಯವಸ್ಥೆ ಕೇಳುತ್ತದೆ. ಇಂಟೆಲ್ ಆಗಿದ್ದರೆ ಬಹುಪಾಲು ಎಂಟನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಚಿಪ್ ಬೇಕು. ಯಂತ್ರ ಈ ಅರ್ಹತೆ ಪಡೆದಿದ್ದು, ಪೆನ್ನಿನ ಬರವಣಿಗೆಯೇ ಮುಖ್ಯವಾಗಿದ್ದರೆ ವಿಂಡೋಸ್ 11 ಸಾಕು, ಏಕೆಂದರೆ ತಯಾರಕರು ಸೆನ್ಸರ್‌ಗಳ ಚಾಲಕ ತಂತ್ರಾಂಶ ಬರೆಯುವುದು ಮುಖ್ಯವಾಗಿ ಅದಕ್ಕೇ. ಇನ್ನೊಂದು ಆಯ್ಕೆಯಾದ ಕ್ರೋಮ್‌ಓಎಸ್ ಫ್ಲೆಕ್ಸ್ ಹಗುರ, ಆದರೆ ಹೆಚ್ಚಿನ ಕೆಲಸ ಬ್ರೌಸರ್‌ನಲ್ಲೇ, ಆಂಡ್ರಾಯ್ಡ್ ಆ್ಯಪ್‌ಗಳಿಲ್ಲ. ನೆಟ್‌ವರ್ಕ್ ಕೈಕೊಡುವ ಊರಿಗೆ ನಾನು ಅದನ್ನು ಹೇಳಲಾರೆ.

ಹಳೆಯ ಯಂತ್ರಕ್ಕೆ ನನ್ನ ಮೊದಲ ಆಯ್ಕೆ ಲಿನಕ್ಸ್, ಅದರಲ್ಲೂ ಗ್ನೋಮ್ ಮುಖಪರದೆಯಿರುವ ಫೆಡೋರಾ ಅಥವಾ ಉಬುಂಟು. ಇವನ್ನು ಪೆನ್‌ಡ್ರೈವ್‌ಗೆ ಹಾಕಿ, ಡಿಸ್ಕ್ ಮುಟ್ಟದೆಯೇ ನಡೆಸಿ ನೋಡಬಹುದು. ನಾಲ್ಕೂ ದಿಕ್ಕಿಗೆ ತಿರುಗಿಸಿ. ಮಡಚಿ, ಹಿಂಬದಿಗೆ ಹೋದ ಕೀಬೋರ್ಡಿನ ಕೀಲಿಗಳನ್ನು ಒತ್ತಿ ನೋಡಿ. ಅಂಗೈ ಊರಿ ಬರೆಯಿರಿ. ನಿದ್ದೆಗೆ ಕಳಿಸಿ ಎಬ್ಬಿಸಿ. ಕನ್ನಡವನ್ನಂತೂ ಎರಡು ಸಲ ಪರೀಕ್ಷಿಸಿ: ಕೆ.ಪಿ. ರಾವ್ ಅವರ ಕಗಪ ಕೀಬೋರ್ಡ್ ವಿನ್ಯಾಸ ಲಿನಕ್ಸ್‌ನೊಳಗೇ ಸಿಗುತ್ತದೆ. ಮಡಚಿದ ಮೇಲೆ ಪರದೆಯಲ್ಲಿ ಮೂಡುವ ಕೀಬೋರ್ಡ್‌ನಲ್ಲೂ ಕನ್ನಡ ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಚಿತ್ರ ಮಾತ್ರ ತಲೆಕೆಳಗಾಗಿ ತಿರುಗಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ತಯಾರಕರು ಆಕ್ಸೆಲೆರೋಮೀಟರನ್ನು ಬೇರೆ ದಿಕ್ಕಿಗೆ ಕೂರಿಸಿರಬಹುದು. ಅದರ ದಿಕ್ಕನ್ನು ಸಾಲೊಂದರಲ್ಲಿ ಬರೆದು ಹೇಳಿದರೆ ಲಿನಕ್ಸ್ ಸರಿಪಡಿಸಿಕೊಳ್ಳುತ್ತದೆ. ಆ ಸಾಲನ್ನು ತಂತ್ರಾಂಶ ನೋಡಿಕೊಳ್ಳುವವರಿಗೆ ಕಳಿಸಿ, ಅವರು ಅದನ್ನು ಸೇರಿಸಿಕೊಂಡರೆ, ಅದೇ ಮಾದರಿಯ ಲ್ಯಾಪ್‌ಟಾಪ್ ಜಗತ್ತಿನಲ್ಲಿ ಎಲ್ಲೇ ಇರಲಿ, ಮುಂದಿನ ಆವೃತ್ತಿಯಿಂದ ಅದರ ಪರದೆ ನೆಟ್ಟಗೆ ತಿರುಗುತ್ತದೆ.