ಪೋಕರ್ ಮನೋತರಬೇತಿ: ಗುಣಮಟ್ಟ ಅಳೆಯುವುದು ಹೇಗೆ?

ಪೋಕರ್ ಆಟದಲ್ಲಿ ಲೆಕ್ಕಾಚಾರ ಬಲ್ಲವರೂ ಹಣ ಕಳೆದುಕೊಳ್ಳುವುದುಂಟು. ಸತತ ಸೋಲಿನಿಂದ ಕೆರಳಿದ ಆಟಗಾರ ವಿವೇಕ ಮರೆತು ಮನಬಂದಂತೆ ಪಣ ಒಡ್ಡತೊಡಗುತ್ತಾನೆ. ಆಟದ ಪರಿಭಾಷೆಯಲ್ಲಿ ಇದು ‘ಟಿಲ್ಟ್’. ಇದನ್ನು ಹತೋಟಿಗೆ ತರಲು ಕಲಿಸುವ ಮನೋತರಬೇತುದಾರರು ಪಾಶ್ಚಾತ್ಯ ದೇಶಗಳಲ್ಲಿದ್ದಾರೆ. ಅವರಲ್ಲಿ ಸಮರ್ಥರು ಯಾರೆಂದು ತಿಳಿಯುವುದು ಮಾತ್ರ ಸುಲಭವಲ್ಲ.

ಇದಕ್ಕೆ ಕಾರಣ ಆಟದ ಸ್ವರೂಪದಲ್ಲೇ ಇದೆ. ಹೋಲ್ಡೆಮ್ ಪ್ರಕಾರದಲ್ಲಿ ಎರಡು ಎಕ್ಕ ಹಿಡಿದವನು, ಎರಡು ರಾಜ ಹಿಡಿದವನೆದುರು ಆರಂಭದಲ್ಲೇ ಹಣವನ್ನೆಲ್ಲ ಪಣಕ್ಕಿಟ್ಟರೂ ನೂರರಲ್ಲಿ ಸುಮಾರು 18 ಬಾರಿ ಸೋಲುತ್ತಾನೆ. ನಿರ್ಧಾರ ಸರಿಯಿದ್ದರೂ ಫಲ ವಿರುದ್ಧ. ಆದ್ದರಿಂದ ತರಬೇತಿಯ ನಂತರ ಶಿಷ್ಯ ಒಂದು ತಿಂಗಳು ಗೆದ್ದರೆ, ಅದು ಗುರುವಿನ ಗುಣವೋ ಅದೃಷ್ಟವೋ ಹೇಳಲಾಗದು. ಶಿಷ್ಯರ ಗೆಲುವಿನ ಮೊತ್ತವನ್ನು ಮುಂದಿಡುವ ಪ್ರಚಾರವನ್ನು ಸಾಕ್ಷ್ಯವೆಂದು ನಂಬುವಂತಿಲ್ಲ.

ಮೊದಲು ಗಮನಿಸಬೇಕಾದುದು ತರಬೇತುದಾರನ ವ್ಯಾಸಂಗ ಮತ್ತು ವಿಧಾನ. ಅಮೆರಿಕದ ಜೇರೆಡ್ ಟೆಂಡ್ಲರ್ ಸಮಾಲೋಚನಾ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಗಾಲ್ಫ್ ಆಟಗಾರರಿಗೆ ತರಬೇತಿ ನೀಡಿ, ಬಳಿಕ ಪೋಕರ್‌ಗೆ ಬಂದವರು. ಬ್ಯಾರಿ ಕಾರ್ಟರ್ ಜತೆಗೂಡಿ 2011ರಲ್ಲಿ ಹೊರತಂದ ‘ದಿ ಮೆಂಟಲ್ ಗೇಮ್ ಆಫ್ ಪೋಕರ್’ ಕೃತಿಯಲ್ಲಿ ಅವರು ಟಿಲ್ಟ್ ಅನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ. ಸೇಡಿನ ಹಟ ಬೇರೆ, ತನ್ನದೇ ತಪ್ಪಿನ ಮೇಲಿನ ಕೋಪ ಬೇರೆ, ಪರಿಹಾರವೂ ಬೇರೆ. ಎಲ್ಲರಿಗೂ ದೀರ್ಘವಾಗಿ ಉಸಿರಾಡಲು ಹೇಳಿ ಕೈತೊಳೆದುಕೊಳ್ಳುವ ತರಬೇತಿ ಸಾಲದು.

ಎರಡನೆಯದು, ಪ್ರಗತಿಯನ್ನು ಅಳೆಯುವ ಬಗೆ. ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಲೇಖಕಿ ಮರಿಯಾ ಕೊನ್ನಿಕೋವಾ ಆಟವನ್ನು ಕಲಿತದ್ದು ಎರಿಕ್ ಸೈಡೆಲ್ ಅವರಿಂದ. ದುರದೃಷ್ಟದ ಕತೆ ಬಿಟ್ಟು, ನಿರ್ಧಾರವನ್ನಷ್ಟೇ ವಿಮರ್ಶಿಸಬೇಕೆಂಬುದು ಸೈಡೆಲ್ ಕಲಿಸಿದ ಪಾಠ. ಆಕೆ 2018ರಲ್ಲಿ ಬಹಾಮಾಸ್‌ನಲ್ಲಿ ಪಂದ್ಯಾವಳಿಯೊಂದನ್ನು ಗೆದ್ದರು. ಭಾವನೆಗಳ ಹತೋಟಿಗಾಗಿ ಆಕೆಯೂ ಟೆಂಡ್ಲರ್ ನೆರವು ಪಡೆದದ್ದು ಗಮನಾರ್ಹ. ಉತ್ತಮ ತರಬೇತುದಾರ ಶಿಷ್ಯನಿಂದ ನಿರ್ಧಾರಗಳ ದಿನಚರಿ ಬರೆಸುತ್ತಾನೆ. ಸಿಟ್ಟು ಬಂದಾಗ ಎಷ್ಟು ಬೇಗ ಎದ್ದು ಹೋಗಬಲ್ಲನೆಂದು ನೋಡುತ್ತಾನೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ತನ್ನ ಮಿತಿಯ ಅರಿವು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 2013ರಲ್ಲಿ ಜೂಜಿನ ಚಟವನ್ನು ವ್ಯಸನಗಳ ಗುಂಪಿಗೆ ಸೇರಿಸಿತು. ಕಳೆದದ್ದನ್ನು ಮರಳಿ ಪಡೆಯಲು ಪದೇ ಪದೇ ಆಡುವವನಿಗೆ, ಮನೆಯವರಿಗೆ ಸುಳ್ಳು ಹೇಳಿ ಸಾಲ ಮಾಡುವವನಿಗೆ ಬೇಕಿರುವುದು ಚಿಕಿತ್ಸೆ. ಅಂಥವನಿಗೆ ಇನ್ನಷ್ಟು ಪಾಠ ಮಾರುವುದು ದ್ರೋಹವೇ ಸರಿ.

ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಚಟಕ್ಕೆ ಬಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಶಿಷ್ಯನನ್ನು ಅಂಥ ಬಾಗಿಲಿಗೆ ಕಳುಹಿಸಬಲ್ಲವನೇ ನಂಬಿಕೆಗೆ ಅರ್ಹನಾದ ಗುರು.