ಬಾಣಂತಿಯ ಮನಸ್ಸಿಗೂ ಆರೈಕೆ ಬೇಕು

ಮನೆಯಲ್ಲಿ ಕೂಸು ಹುಟ್ಟಿದರೆ ಇಲ್ಲಿ ಮಹಾರಾಷ್ಟ್ರದಲ್ಲಿ ಗಂಡಾದರೆ ಪೇಡೆ, ಹೆಣ್ಣಾದರೆ ಬರ್ಫಿ ಹಂಚುವ ರೂಢಿ. ನಮ್ಮ ಕನ್ನಡದ ಮನೆಗಳಿಗೂ ಅದು ಬಂದಿದೆ. ಪೆಟ್ಟಿಗೆ ಬಿಚ್ಚಿದವರೆಲ್ಲ "ಕೂಸು ಯಾರ ಹಾಗಿದೆ?" ಅಂತ ಕೇಳುತ್ತಾರೆ. "ತಾಯಿಯ ಮನಸ್ಸು ಹೇಗಿದೆ?" ಅಂತ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ.

ಖಾರಘರದ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯ ಅಕ್ಕನಿಗೆ ಹೆರಿಗೆಯಾಗಿ ಒಂದೂವರೆ ತಿಂಗಳಾಗಿತ್ತು. ಬಾಣಂತನಕ್ಕೆಂದು ಅವರ ಅವ್ವ ವಿಜಯಪುರದಿಂದ ಬಂದಿದ್ದರು. ಎಣ್ಣೆ, ಬಿಸಿನೀರು, ಅಂಟಿನುಂಡೆ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಅಕ್ಕ ಊಟ ಬಿಟ್ಟರು. ಕೂಸು ಮಲಗಿದರೂ ತಾವು ನಿದ್ದೆ ಮಾಡುತ್ತಿರಲಿಲ್ಲ. ಅಕ್ಕನಿಗೂ ಅವ್ವನಿಗೂ ಮರಾಠಿ ಬಾರದು. ಭಾವ ಕೆಲಸಕ್ಕೆ ಹೋಗಿದ್ದರು. ದವಾಖಾನೆಗೆ ಜೊತೆಯಾಗಿ ನಾನು ಹೋದೆ. ಡಾಕ್ಟರು ಏನಾಗುತ್ತಿದೆ ಎಂದಾಗ ಅಕ್ಕ ತಲೆ ತಗ್ಗಿಸಿ, "ಜೀವಾ ಬ್ಯಾಡಾಗೇದ" ಅಂದರು. ಆ ಮಾತನ್ನು ಹಾಗೇ ಹೇಳಲು ನನಗೆ ನಾಚಿಕೆಯಾಯಿತು. "ದಣಿವು ಅಂತಿದ್ದಾರೆ" ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಎರಡು ವಾರದ ಮೇಲೆ, ಕೂಸಿಗೆ ಲಸಿಕೆ ಹಾಕಿಸಲು ಹೋದಾಗ ನರ್ಸಬಾಯಿಯೊಬ್ಬರು ಅಕ್ಕನ ಮುಖ ನೋಡಿ, ಕೂರಿಸಿಕೊಂಡು ವಿಚಾರಿಸಿ, ಮಾನಸಿಕ ವೈದ್ಯರ ಹತ್ತಿರ ಕಳಿಸಿದರು. ನಡುವಿನ ಎರಡು ವಾರ ಡಾಕ್ಟರ ತಪ್ಪಲ್ಲ, ನನ್ನದು. ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಮಿತ್ರರ ಮುಂದಿಡುತ್ತೇನೆ.

ಹೆರಿಗೆಯ ನಂತರದ ಮನಸ್ಸಿನ ತೊಂದರೆಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಬರೀ ಅಳು. ಮೂರನೆಯ, ನಾಲ್ಕನೆಯ ದಿನಕ್ಕೆ ಕಾರಣವಿಲ್ಲದೆ ಕಣ್ಣೀರು, ಸಿಡುಕು. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಇದು ಬರುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಧೈರ್ಯದ ಮಾತು, ನಿದ್ದೆ, ಊಟ ಇದ್ದರೆ ಸಾಕು.

ಎರಡನೆಯದು ಖಿನ್ನತೆ. ಎರಡು ವಾರ ದಾಟಿದರೂ ಬೇಸರ ಹೋಗದು. ಹಸಿವಿಲ್ಲ, ನಿದ್ದೆಯಿಲ್ಲ, "ನಾನು ಕೆಟ್ಟ ತಾಯಿ" ಎಂಬ ಕೊರಗು, ಕೂಸಿನ ಮೇಲೆ ಮನಸ್ಸೇ ಹೋಗದಿರುವುದು, ಕೆಲವೊಮ್ಮೆ ಸಾಯುವ ಯೋಚನೆ. ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇದರ ಪ್ರಮಾಣ ಶೇಕಡಾ 22. ಅಂದರೆ ಐದು ಜನ ಬಾಣಂತಿಯರಲ್ಲಿ ಒಬ್ಬರಿಗೆ. ಬಸುರಿಯಲ್ಲೇ ಶುರುವಾಗುವುದೂ ಉಂಟು. ಆದ್ದರಿಂದ ಹೆರಿಗೆಯ ತನಕ ಕಾಯಬೇಕಾಗಿಲ್ಲ.

ಮೂರನೆಯದು ಅಪರೂಪ, ಆದರೆ ಅಪಾಯದ್ದು. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದರಲ್ಲಿ ಇದೂ ಸೇರಿತ್ತು. ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದೊಳಗೆ ಬಾಣಂತಿ ನಿದ್ದೆ ಬಿಟ್ಟು, ಏನೇನೋ ಮಾತಾಡುತ್ತಾಳೆ; ಇಲ್ಲದ ದನಿ ಕೇಳುತ್ತದೆ; ಕೂಸು ಬದಲಾಗಿದೆ ಎನ್ನುತ್ತಾಳೆ. ಇದಕ್ಕೆ ದೃಷ್ಟಿ ತೆಗೆದು ಕಾಯುತ್ತಾ ಕೂಡಬಾರದು. ತಾಯಿಯನ್ನೂ ಕೂಸನ್ನೂ ಒಂಟಿಯಾಗಿ ಬಿಡದೆ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಕಾರಣ ಒಂದೇ ಅಲ್ಲ. ಹೆರಿಗೆಯಾದ ಕೂಡಲೇ ದೇಹದ ಹಾರ್ಮೋನುಗಳು ಥಟ್ಟನೆ ಇಳಿಯುತ್ತವೆ. ನಿದ್ದೆಗೆಡುವುದು, ರಕ್ತಹೀನತೆ, ಥೈರಾಯ್ಡ್ ಕೂಡ ಸೇರುತ್ತವೆ. ಆದರೆ ಎಲ್ಲವೂ ದೇಹದ್ದಲ್ಲ. ವಿಕ್ರಮ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡತನ, ಗಂಡನ ಹಿಂಸೆ, ಗಂಡು ಬೇಕೆಂದಿದ್ದಾಗ ಹೆಣ್ಣು ಹುಟ್ಟಿದ್ದು ಇವೂ ಖಿನ್ನತೆಗೆ ಕಾರಣವಾಗುವುದು ಕಂಡುಬಂತು. ಪೇಡೆ-ಬರ್ಫಿಯ ಲೆಕ್ಕ ಬಾಯಿಗಷ್ಟೇ ಅಲ್ಲ, ಬಾಣಂತಿಯ ಎದೆಗೂ ಮುಟ್ಟುತ್ತದೆ ಎಂದಾಯಿತು.

ಇದಕ್ಕೆ ಬೇರೆಯೇ ವೈದ್ಯರು ಯಾಕೆ ಬೇಕು ಅಂತ ನೀವು ಕೇಳಬಹುದು. ಇಲ್ಲಿ ರೋಗಿ ಒಬ್ಬಳೇ ಅಲ್ಲ, ಜೊತೆಗೆ ಕೂಸಿದೆ. ಮನಸ್ಸಿನ ಕಾಯಿಲೆಯ ಕೆಲವು ಔಷಧಿಗಳನ್ನು ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದು. ವಾಲ್‌ಪ್ರೊಯೇಟಿನಂಥವು ಗರ್ಭದ ಶಿಶುವಿಗೆ ಕೆಡುಕು. ಹಾಗಂತ ತಾವಾಗಿಯೇ ಗುಳಿಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಈ ತೂಕ ಹಾಕಲು ಅನುಭವ ಬೇಕು.

ಮೊದಲೆಲ್ಲ ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಕೂಸನ್ನು ಮನೆಯಲ್ಲಿ ಉಳಿಸುತ್ತಿದ್ದರು. 1948ರಲ್ಲಿ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಥಾಮಸ್ ಮೇನ್ ಎಂಬ ವೈದ್ಯರು ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಸೇರಿಸಿಕೊಂಡರು. ನಮ್ಮ ದೇಶದಲ್ಲಿ ಇಂಥ ಪ್ರತ್ಯೇಕ ವಿಭಾಗ ಮೊದಲು ಶುರುವಾದದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, 2009ರಲ್ಲಿ. ಅದು ಶುರುವಾದಾಗ ಡಾ. ಪ್ರಭಾ ಚಂದ್ರ ಅವರು ಅದರ ಮುಂದಾಳಾಗಿದ್ದರು. ಅಲ್ಲಿ ತಾಯಿ, ಕೂಸು, ಜೊತೆಗೆ ಮನೆಯ ಒಬ್ಬ ಹೆಂಗಸು ಒಟ್ಟಿಗೆ ಇರುತ್ತಾರೆ. ತಾಯಿಗೆ ಔಷಧಿ ನಡೆಯುತ್ತಿರುವಾಗಲೇ ಕೂಸನ್ನು ಎತ್ತುವುದು, ಹಾಲೂಡಿಸುವುದು, ಆಡಿಸುವುದು ದಾದಿಯರ ಕಣ್ಣೆದುರಿಗೇ ಮತ್ತೆ ಕೂಡಿಬರುತ್ತದೆ. ನಮ್ಮ ಬಾಣಂತನದ ಕೋಣೆಯೇ ಆಸ್ಪತ್ರೆಗೆ ಬಂದಂತೆ.

ಕಾನೂನೂ ಇದೇ ಮಾತು ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೇ ಕಲಮಿನ ಪ್ರಕಾರ, ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು. ಮಗುವಿಗೆ ಅಪಾಯವಿದ್ದರೆ ತಾತ್ಕಾಲಿಕವಾಗಿ ಬೇರಿಡಬಹುದು; ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಮತ್ತೆ ಪರಿಶೀಲಿಸಬೇಕು.

ಆದರೆ ಕಾಮರ್ಸ್ ವಿದ್ಯಾರ್ಥಿಯಾಗಿ ಒಂದು ಲೆಕ್ಕ ಹೇಳದೆ ಇರಲಾರೆ. ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ಹೆರಿಗೆ. ಸಾವಿರಕ್ಕೆ ಒಂದೆರಡು ಎಂದರೂ ಮೂರನೆಯ ಬಗೆಯ ಕಾಯಿಲೆಯೇ ಇಪ್ಪತ್ತರಿಂದ ನಲವತ್ತು ಸಾವಿರ ತಾಯಂದಿರಿಗೆ. ನಿಮ್ಹಾನ್ಸ್‌ನ ಆ ವಿಭಾಗ ಶುರುವಾದಾಗ ಇದ್ದದ್ದು ಐದು ಹಾಸಿಗೆ. ಈ ಜಮಾ-ಖರ್ಚು ಯಾವ ಪುಸ್ತಕದಲ್ಲೂ ತಾಳೆಯಾಗದು.

ಹಾಗಾದರೆ ನಾವೇನು ಮಾಡಬಹುದು? ಮೊದಲು, ಕೇಳಬಹುದು. ಎಡಿನ್‌ಬರೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ, 1987ರಲ್ಲಿ ಪ್ರಕಟವಾದದ್ದು. ಕಳೆದ ಏಳು ದಿನ ಹೇಗಿದ್ದಿರಿ ಎಂಬುದೇ ಅದರ ಸಾರ. ಕನ್ನಡದಲ್ಲೂ ಅದು ಇದೆ. ಅದು ರೋಗ ನಿರ್ಣಯವಲ್ಲ, ಯಾರನ್ನು ವೈದ್ಯರು ನೋಡಬೇಕೆಂದು ತಿಳಿಯುವ ಜರಡಿ. ಎರಡನೆಯದು, 14416 ನಂಬರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಅದು. ಹಗಲು ರಾತ್ರಿ ಪುಕ್ಕಟೆ, ಕನ್ನಡವನ್ನು ಆರಿಸಿಕೊಳ್ಳಬಹುದು. ಕಣ್ಣಾರೆ ತೋರಿಸಬೇಕೆಂದರೆ ಖಾರಘರದಿಂದ ಹಾರ್ಬರ್ ಲೈನಿನ ಗಾಡಿ ಹಿಡಿದು ಜಿ.ಟಿ.ಬಿ. ನಗರದಲ್ಲಿ ಇಳಿದರೆ ಸಾಯನ್ ಆಸ್ಪತ್ರೆ ದೂರವಲ್ಲ. ಅಲ್ಲಿ ಮಾನಸಿಕ ವಿಭಾಗವಿದೆ.

ಮೂರನೆಯದು ನಮ್ಮಂಥವರಿಗೇ ಸೇರಿದ್ದು. ಊರಿಂದ ಬಂದ ಸೊಸೆಯಂದಿರು, ಬಾಣಂತನಕ್ಕೆ ಬಂದ ಅವ್ವಂದಿರು ಈ ಊರಿನಲ್ಲಿ ಬಾಯಿದ್ದೂ ಮೂಕರು. ಎರಡೂ ಭಾಷೆ ಬಲ್ಲ ನಾವು ಅವರ ಜೊತೆ ದವಾಖಾನೆಗೆ ಹೋಗುತ್ತೇವೆ. ಹೋದಾಗ ಅವರು ಆಡಿದ ಮಾತನ್ನು ಆಡಿದ ಹಾಗೇ ಹೇಳಬೇಕು. ಮೃದು ಮಾಡುವುದು ಬೇಡ, ನಾಚಿಕೆ ಬೇಡ.

ಚಿಕಿತ್ಸೆ ಶುರುವಾಗಿ ಮೂರು ತಿಂಗಳಿಗೆ ಅಕ್ಕ ಚೇತರಿಸಿಕೊಂಡರು. ಮೊನ್ನೆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, "ಸ್ವಲ್ಪ ಹಿಡ್ಕೊಳಪ್ಪ, ನಾ ಊಟ ಮಾಡ್ತೀನಿ" ಅಂದರು. ಹೊಟ್ಟೆ ತುಂಬ ಉಂಡರು.